ಅಂಚು ಮೊದಲು

ಅವನ ಹೆಸರು ಬರೆಯುವುದಿಲ್ಲ. ನಮ್ಮ ಕೂಟದವರ ಹೆಸರನ್ನು ಹೊರಗೆ ಹೇಳಬಾರದು ಎಂಬ ಕಟ್ಟಳೆ ಇದೆ. ಸತ್ತ ಮೇಲೆ ಹೇಳಬಹುದು ಎಂದು ಯಾರೂ ನನಗೆ ಹೇಳಿಲ್ಲ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಹಾಗಾಗಿ ಅವನು ಎಂದೇ ಬರೆಯುತ್ತೇನೆ. ಉಳಿದವರೆಲ್ಲ ಅವನನ್ನು ಹಿರಿಯರು ಎನ್ನುತ್ತಿದ್ದರು. ಆ ಮಾತಿನಿಂದಲೇ ಅವನಿಗೆ ಕೇಡಾಯಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಕುಡಿತ ಬಿಟ್ಟವರ ಕೂಟ. ಬಿಟ್ಟವರು ಎಂದರೆ ಇವತ್ತಿನ ಮಟ್ಟಿಗೆ ಬಿಟ್ಟವರು, ನಾಳೆಯದು ನಾಳೆಗೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಚಳ್ಳಕೆರೆಯಲ್ಲಿ, ಮುಚ್ಚಿಹೋದ ಒಂದು ಎಣ್ಣೆ ಮಿಲ್ಲಿನ ತೂಕದ ಕೋಣೆಯಲ್ಲಿ ಸೇರುತ್ತೇವೆ. ಗೋಡೆಗೆ ಒರಗಿದರೆ ಇವತ್ತಿಗೂ ಶೇಂಗಾ ಹಿಂಡಿಯ ವಾಸನೆ ಸೀರೆಗೆ ಹತ್ತುತ್ತದೆ. "ಎಣ್ಣೆ ಬಿಟ್ಟೋರೆಲ್ಲ ಎಣ್ಣೆ ಮಿಲ್ಲಿಗೇ ಬಂದು ಕೂತವ್ರೆ ನೋಡ್ರಲೇ" ಎಂದು ದಾರಿಯಲ್ಲಿ ಹೋಗುವವರು ನಗುತ್ತಾರೆ. ನಗಲಿ.

ನಾನೂ ಕುಡಿಯುತ್ತಿದ್ದೆ. ಕುರಿ ಹಿಂದೆ ಹೋಗುವ ಮನೆತನ ನಮ್ಮದು. ಎರಡನೇ ಹೆರಿಗೆಯಾದಾಗ ಮೈನೋವಿಗೆ ಎಂದು ಅವ್ವನೇ ಅರ್ಧ ಲೋಟ ಸಾರಾಯಿ ಕೊಟ್ಟಿದ್ದಳು. ನೋವು ಹೋಯಿತು, ಸಾರಾಯಿ ಉಳಿಯಿತು. ಗಂಡ ಸತ್ತ ಮೇಲೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಸೊಸೆ ನನ್ನ ಹಾಸಿಗೆಯನ್ನು ಕುರಿ ಹಟ್ಟಿಗೆ ಹಾಕಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಸರ್ಕಾರಿ ಆಸ್ಪತ್ರೆಯ ಗೋಡೆ ಮೇಲೆ ಕೂಟದ ನಂಬರು ನೋಡಿ ಫೋನು ಮಾಡಿದವಳೂ ಅವಳೇ.

ಹಾಗೆ ಅವನು ಬಂದ. ಬಿಸಿಲೇರಿತ್ತು. ಹಟ್ಟಿಯಲ್ಲಿ ನಾನು ಕಾರಿಕೊಂಡದ್ದರ ಪಕ್ಕದಲ್ಲೇ ಬಿದ್ದಿದ್ದೆ. ಪರಪರ ಸದ್ದಿಗೆ ಕಣ್ಣು ಬಿಟ್ಟರೆ ಯಾರೋ ಗುರುತಿಲ್ಲದ ಗಂಡಸು, ಪಂಚೆ ಎತ್ತಿ ಕಟ್ಟಿ, ನನ್ನ ವಾಂತಿಯ ಮೇಲೆ ಬೂದಿ ಚೆಲ್ಲಿ, ಮೋಟು ಪೊರಕೆಯಿಂದ ಬಳಿಯುತ್ತಿದ್ದ.

"ಯಾವನೋ ನೀನು? ನನ್ನ ಹಟ್ಟಿ ಬಳಿಯಾಕೆ ನಿನ್ನನ್ಯಾರು ಕರೆದ್ರು?" ಎಂದೆ.

"ನಿಮ್ಮ ಸೊಸೆ ಕರೆದ್ಲು ಅಕ್ಕಯ್ಯ. ನಾನೂ ಕುಡುಕನೇ."

"ಕುಡುಕ ಆದ್ರೆ ಬಾಟ್ಲಿ ತಂದೀಯೇನೋ?"

"ಇಲ್ಲ. ಬೆಲ್ಲ ಐತೆ. ತಿಂತೀರಾ?"

ಅಂಗಿ ಜೇಬಿನಿಂದ ಒಂದು ಉಂಡೆ ಬೆಲ್ಲ ತೆಗೆದ. ಅದಕ್ಕೆ ಬೀಡಿ ಪುಡಿ ಮೆತ್ತಿಕೊಂಡಿತ್ತು. ನಾನು ಉಗಿದೆ. ಅವನು ಅದನ್ನು ಅಂಗೈಯಲ್ಲಿ ಉಜ್ಜಿ ಮತ್ತೆ ಕೊಟ್ಟ. ತಿಂದೆ. ಬಿಡಬೇಕು, ಕುಡಿಯಬಾರದು, ದೇವರು, ಮಕ್ಕಳು, ಇಂಥ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಪೊರಕೆ ತೊಳೆದು ಗೋಡೆಗೆ ಒರಗಿಸಿ, "ಭಾನುವಾರ ಬರ್ರಿ, ಟೀ ಇರ್ತೈತೆ" ಎಂದು ಹೋದ. ಅವನಿಗೆ ಬೈಯಬೇಕೆಂದೇ ನಾನು ಆ ಭಾನುವಾರ ಹೋದದ್ದು. ಬೈಯುವುದು ಇನ್ನೂ ಮುಗಿದಿರಲಿಲ್ಲ.

ಅವನದು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವ ಮನೆತನ. ಮಾತಿನಲ್ಲಿ ಅರ್ಧ ತೆಲುಗು. ಭಾನುವಾರ ಮೊದಲ ಬಸ್ಸಿಗೆ ಹೊರಟು ಎಲ್ಲರಿಗಿಂತ ಮುಂಚೆ ಚಳ್ಳಕೆರೆಗೆ ಬಂದು, ಕೋಣೆ ಗುಡಿಸಿ, ಕುರ್ಚಿ ಹಾಕಿ, ಟೀಗೆ ಇಡುತ್ತಿದ್ದ. ಆ ಟೀ ಬಾಯಿಗಿಡುವಂತಿರಲಿಲ್ಲ. ಪಾಯಸದಷ್ಟು ಸಿಹಿ. ಯಾರಾದರೂ ಮುಖ ಹುಳ್ಳಗೆ ಮಾಡಿದರೆ, "ನಿಮಗಲ್ಲ, ಹೊಸದಾಗಿ ಬಿಟ್ಟೋನಿಗೆ ಮಾಡಿದ್ದು. ಬಿಟ್ಟೋನ ಮೈ ಸಿಹಿ ಕೇಳ್ತೈತೆ" ಎನ್ನುತ್ತಿದ್ದ. ಅವತ್ತು ಹೊಸಬರು ಯಾರೂ ಬಂದಿರದಿದ್ದರೂ ಅಷ್ಟೇ ಸಕ್ಕರೆ. ಬರಬಹುದಲ್ಲ, ಎನ್ನುತ್ತಿದ್ದ.

ಟೀ ಆದ ಮೇಲೆ ಲೋಟ ತೊಳೆಯುವುದು ಅವನ ಕೆಲಸ. ಇಪ್ಪತ್ತು ಇಪ್ಪತ್ತೈದು ಸ್ಟೀಲ್ ಲೋಟ. ಒಂದು ಟಬ್ಬು, ಒಂದು ಹಿಡಿ ತೆಂಗಿನ ನಾರು, ಬೂದಿ. ಮೊದಲು ಅಂಚು. ಬಾಯಿ ತಾಗುವ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಮೂರು ಸಲ ಉಜ್ಜಿ, ಕಣ್ಣು ಮುಚ್ಚಿ ಮತ್ತೊಮ್ಮೆ ಸವರಿ ನೋಡುತ್ತಿದ್ದ. ಆಮೇಲೆ ಒಳಗೆ, ಕೊನೆಗೆ ಹೊರಗೆ. "ಸೀರೇಲೂ ಜನ ಮೊದ್ಲು ಅಂಚು ನೋಡ್ತಾರೆ ಅಕ್ಕಯ್ಯ" ಎನ್ನುತ್ತಿದ್ದ. ನನ್ನ ಜೀವಮಾನದಲ್ಲಿ ಒಬ್ಬ ಗಂಡಸು ನನ್ನ ಎಂಜಲು ಲೋಟ ತೊಳೆದದ್ದು ಅದೇ ಮೊದಲು. ನನಗೆ ಸಂತೋಷವೇನೂ ಆಗಲಿಲ್ಲ, ನಾಚಿಕೆಯಾಯಿತು. ಲೋಟ ಕಿತ್ತುಕೊಳ್ಳಲು ಹೋದೆ. ಕೊಡಲಿಲ್ಲ.

ಅವನನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಹಠಮಾರಿ. ಅವನ ತೆಂಗಿನ ನಾರನ್ನು ಯಾರಾದರೂ ಒಂದು ಗೇಣು ಆಚೆ ಇಟ್ಟರೆ ಇಡೀ ಬೆಳಿಗ್ಗೆ ಗೊಣಗುತ್ತಿದ್ದ. ಬೇರೆಯವರು ಕಷ್ಟ ಹೇಳಿಕೊಂಡು ಅಳುವಾಗ ಗೊರಕೆ ಹೊಡೆದದ್ದನ್ನು ನಾನೇ ಕಂಡಿದ್ದೇನೆ. ಅವನ ಪಕ್ಕ ಕೂತರೆ ಬೀಡಿ ನಾತ. ಕೂಟಕ್ಕೆ ಒಬ್ಬ ಮುಖಂಡ ಬೇಕಾದಾಗಲೆಲ್ಲ ಅವನ ಹೆಸರೇ ಬರುತ್ತಿತ್ತು. "ನನಗೆ ಮಾತು ಬರಲ್ಲ" ಎಂದು ತಪ್ಪಿಸಿಕೊಳ್ಳುತ್ತಿದ್ದ. ಅದು ಸುಳ್ಳು. ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕವರ ಕಿವಿ ತಿನ್ನುತ್ತಿದ್ದ.

ಅವನ ಕೈ ನಡುಗುತ್ತಿತ್ತು. ಕುಡಿಯುವಾಗ ಹಿಡಿದ ನಡುಕ, ಬಿಟ್ಟ ಮೇಲೂ ಹೋಗಲಿಲ್ಲ. ಬಸ್ಸಿನ ಟಿಕೇಟು ಅವನ ಬೆರಳ ನಡುವೆ ಅರಳಿ ಎಲೆಯಂತೆ ಅಲ್ಲಾಡುತ್ತಿತ್ತು. ಆದರೆ ಟಬ್ಬಿನ ನೀರಿಗೆ ಕೈ ಇಟ್ಟರೆ ನಿಂತುಬಿಡುತ್ತಿತ್ತು. ಅದನ್ನು ನಾನು ನೋಡಿದ್ದೆ. ನೋಡಿದ್ದೆನೇ ಹೊರತು ಅದೇನೆಂದು ಯೋಚಿಸಿರಲಿಲ್ಲ.

ಹೊಸದಾಗಿ ಬಂದವರನ್ನು ಅವನು ಹಿಡಿಯುತ್ತಿದ್ದದ್ದೂ ಆ ಟಬ್ಬಿನ ಹತ್ತಿರವೇ. ಒಂದು ಸಲ ಒಬ್ಬ ಶಾಲಾ ಮೇಷ್ಟ್ರು ಬಂದರು. ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದರು. ಬಾಗಿಲಲ್ಲೇ ನಾತ. ಒಂದು ಕಾಲದಲ್ಲಿ ನಾವೂ ಹಾಗೇ ನಾರುತ್ತಿದ್ದೆವು ಎನ್ನುವುದನ್ನು ಮರೆತು ಎಲ್ಲರೂ ಸೆರಗು, ಟವೆಲು ಮೂಗಿಗಿಟ್ಟೆವು. ಇವನು ಮಾತ್ರ ಒಂದು ಒಣ ಬಟ್ಟೆ ಅವರ ಕೈಗೆ ಕೊಟ್ಟು, "ಸ್ವಲ್ಪ ಒರೆಸಿ ಕೊಡ್ರಿ ಮೇಷ್ಟ್ರೇ, ನಾನು ಒಬ್ನೇ ಆಗ್ಬಿಟ್ಟೀನಿ" ಎಂದ. ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಇವನು ತೊಳೆದು ಕೊಡುವುದು, ಅವರು ಒರೆಸಿ ಇಡುವುದು. ಇವನು ಮಾತಾಡಿದ್ದೆಲ್ಲ ಶೇಂಗಾ ರೇಟು, ಬಸ್ಸು ತಡವಾದದ್ದು, ಅಷ್ಟೇ. ಹತ್ತನೇ ಲೋಟದ ಹೊತ್ತಿಗೆ ಮೇಷ್ಟ್ರು ತಾವೇ ಶುರು ಮಾಡಿದರು. ಇಪ್ಪತ್ತು ಮುಗಿಯುವಷ್ಟರಲ್ಲಿ ಹೆಂಡತಿ ತವರಿಗೆ ಹೋದದ್ದು, ಮಕ್ಕಳ ಮುಂದೆ ಪಾಠ ಮಾಡುತ್ತಾ ಬಿದ್ದದ್ದು, ಎಲ್ಲ ಹೊರಗೆ ಬಂತು.

"ಅದೇನು ಮಂತ್ರ ಹಾಕಿದ್ಯೋ?" ಎಂದು ಆಮೇಲೆ ಕೇಳಿದೆ.

"ಮುಖ ನೋಡ್ಕಂಡು ಕೇಳಿದ್ರೆ ಯಾರೂ ನಿಜ ಹೇಳಲ್ಲ ಅಕ್ಕಯ್ಯ. ಇಬ್ರೂ ಲೋಟ ನೋಡ್ಕಂಡಿರ್ಬೇಕು."

ಬಿಟ್ಟ ಮೊದಲ ವಾರ ಕೆಟ್ಟದ್ದು. ಮೈ ಉರಿಯುತ್ತದೆ, ಕಾಲು ತಾನಾಗಿ ಅಂಗಡಿ ಕಡೆ ಎಳೆಯುತ್ತದೆ. ಆಗ ಅವನು ನಮ್ಮನ್ನು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಸುತ್ತಿದ್ದ. ನನ್ನನ್ನೂ ಹತ್ತಿಸಿದ, ಸೊಸೆಯನ್ನೂ ಜೊತೆಗೆ ಕರೆದುಕೊಂಡು. ನಾನು ಮೆಟ್ಟಿಲಿಗೊಂದು ಬೈಗುಳ ಹಾಕುತ್ತಾ ಹತ್ತಿದೆ. ಅವನು ನೀರಿನ ಕ್ಯಾನು ಹೊತ್ತು ಹಿಂದೆ ಬರುತ್ತಿದ್ದ. ಮೇಲೆ ಹೋದ ಮೇಲೆ, "ದೇವರ ಹತ್ರ ಏನು ಬೇಡ್ಕಬೇಕೋ?" ಎಂದು ಕೇಳಿದೆ.

"ಬೇಡ್ಕಂಡ್ರೆ ಬೇಡ್ಕಳ್ರಿ. ನಾನು ಕರ್ಕಂಬಂದಿದ್ದು ಅದಕ್ಕಲ್ಲ. ಇಲ್ಲಿ ವೈನ್ ಶಾಪ್ ಇಲ್ಲ. ಇಳಿಯಾ ಹೊತ್ತಿಗೆ ಕಾಲು ಸೋತು ಹೋಗಿರ್ತಾವೆ, ಎಲ್ಲಿಗೂ ಎಳೆಯಲ್ಲ."

ಸೊಸೆ ನಕ್ಕಳು. ನನ್ನ ಎದುರಿಗೆ ಅವಳು ನಕ್ಕು ಎಷ್ಟೋ ವರ್ಷವಾಗಿತ್ತು.

ಈಗ ನಾನು ಮಾಡಿದ ತಪ್ಪನ್ನು ಬರೆಯುತ್ತೇನೆ.

ಕುಡಿತ ಬಿಟ್ಟ ದಿನವನ್ನು ನಾವು ಹುಟ್ಟಿದ ದಿನ ಎನ್ನುತ್ತೇವೆ. ಅವನು ಬಿಟ್ಟು ಹನ್ನೆರಡು ವರ್ಷ ತುಂಬಿತು. ಅಷ್ಟು ವರ್ಷ ನಮ್ಮಲ್ಲಿ ಯಾರಿಗೂ ಆಗಿರಲಿಲ್ಲ. ಸನ್ಮಾನ ಮಾಡಬೇಕು ಎಂದು ಹೊರಟವಳು ನಾನೇ. ನಮ್ಮ ಬಳಗದಲ್ಲಿ ಕಂಬಳಿ ನೇಯುವವರಿದ್ದಾರೆ. ಅವರಿಗೆ ಹೇಳಿ ಒಂದು ಕರಿ ಕಂಬಳಿ ನೇಯಿಸಿದೆ. ಹುಣಸೆ ಬೀಜದ ಗಂಜಿ ಹಾಕಿ, ನಿಲ್ಲಿಸಿದರೆ ತಾನೇ ನಿಲ್ಲುವಷ್ಟು ಬಿರುಸಾಗಿತ್ತು. ಮಿಲ್ಲಿನ ಯಜಮಾನರು ಕೂರುತ್ತಿದ್ದ ಕೈ ಇರುವ ಕುರ್ಚಿಯನ್ನು ಒರೆಸಿ, ಅವನನ್ನು ಕೂರಿಸಿ, ಹಾರ ಹಾಕಿ, ಕಂಬಳಿ ಹೊದಿಸಿದೆವು. ಚಪ್ಪಾಳೆ ಹೊಡೆದರು. ನಮ್ಮ ಕಡೆ ಒಬ್ಬರಿಗೆ ಮರ್ಯಾದೆ ಕೊಡುವುದೆಂದರೆ ಅವರ ಕೈಯ ಕೆಲಸ ಕಿತ್ತುಕೊಳ್ಳುವುದು. ಹಾಗಾಗಿ ನಾನು ಎದ್ದು ನಿಂತು, "ಇವತ್ತಿಂದ ಇವರು ಲೋಟ ಮುಟ್ಟಂಗಿಲ್ಲ. ಕೂತ್ಕಂಡು ಟೀ ಕುಡೀಲಿ, ನಾವು ತೊಳೀತೀವಿ" ಎಂದೆ. ಮತ್ತೆ ಚಪ್ಪಾಳೆ.

ಅವನು ಕಂಬಳಿಯೊಳಗಿಂದ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ, "ಅದೊಂದು ಬಿಡ್ರಿ ಅಕ್ಕಯ್ಯ ನನಗೆ" ಎಂದ.

"ಸುಮ್ನೆ ಕೂತ್ಕಳಪ್ಪ. ಎಷ್ಟು ವರ್ಷ ತೊಳೀತೀಯ ಇನ್ನಾ?" ಎಂದೆ.

ಮೇಷ್ಟ್ರು ರಟ್ಟಿನ ಮೇಲೆ ಪಾಳಿಯ ಪಟ್ಟಿ ಬರೆದು ಗೋಡೆಗೆ ಹೊಡೆದರು. ಯಾವ ಭಾನುವಾರ ಯಾರು ಲೋಟ ತೊಳೆಯಬೇಕು, ಯಾರು ಟೀ ಮಾಡಬೇಕು ಎಂದು ಅಂದವಾದ ಅಕ್ಷರದಲ್ಲಿ. ಅವನ ಹೆಸರು ಅದರಲ್ಲಿರಲಿಲ್ಲ.

ನಾಲ್ಕು ಭಾನುವಾರ ಆ ಕುರ್ಚಿಯಲ್ಲಿ ಕೂತ. ನಮಗೆ ಬೇಜಾರಾಗಬಾರದೆಂದು ಬಿಸಿಲಿನಲ್ಲೂ ಕಂಬಳಿ ಹೊದ್ದೇ ಕೂರುತ್ತಿದ್ದ. ಕಂಬಳಿಯ ಒಳಗೆ ಕೈ ನಡುಗುವುದು ಹೊರಗೆ ಕಾಣುತ್ತಿತ್ತು. ಬಿರುಸು ಕಂಬಳಿ, ಸಣ್ಣಗೆ ಸದ್ದು ಮಾಡುತ್ತಿತ್ತು. ಹೊಸಬರು ಬಂದರೆ ಅವನ ಕಾಲಿಗೆ ಬೀಳುತ್ತಿದ್ದರು. ಹತ್ತಿರ ಕೂತು ಮಾತಾಡುತ್ತಿರಲಿಲ್ಲ. ಕಾಲಿಗೆ ಬಿದ್ದವನು ನಿಜ ಹೇಳುತ್ತಾನೆಯೇ?

ಐದನೇ ಭಾನುವಾರ ಬರಲಿಲ್ಲ. ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದ ಎಂದು ಮೇಷ್ಟ್ರ ಕಿವಿಗೆ ಬಂದಿತ್ತು. ಯಾರಾದರೂ ಹೋಗಬೇಕಲ್ಲ ಎಂದೆ.

"ಅಷ್ಟು ದೊಡ್ಡೋರಿಗೆ ನಾವು ಹೋಗಿ ಏನಂತ ಹೇಳೋದು ಅಜ್ಜಿ? ಅವರಿಗೆ ಅವಮಾನ ಆಗಲ್ವಾ?" ಎಂದರು ಮೇಷ್ಟ್ರು.

"ನನ್ನ ವಾಂತಿ ಬಳಿದಾನೆ, ನಿಮ್ಮದೂ ಬಳಿದಾನೆ. ಆವಾಗ ಅವಮಾನ ಇರಲಿಲ್ಲ, ಈಗ ಎಲ್ಲಿಂದ ಬಂತು?"

ಯಾರೂ ಏಳಲಿಲ್ಲ. ಅವತ್ತು ಲೋಟ ತೊಳೆಯುವ ಪಾಳಿ ನನ್ನದು. ಟಬ್ಬಿನ ಮುಂದೆ ಕೂತೆ. ಕೂತವಳು ಎದ್ದೆ. ಎಂಜಲು ಲೋಟಗಳನ್ನು ಹಾಗೇ ಒಂದು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. "ಅಜ್ಜಿಗೆ ಅರಳು ಮರಳು" ಎಂದು ಹಿಂದಿನಿಂದ ಯಾರೋ ಅಂದರು.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆ. ರಸ್ತೆಯ ಉಬ್ಬಿಗೊಮ್ಮೆ ಚೀಲ ಗಲಗಲ ಎನ್ನುತ್ತಿತ್ತು. ಹಳೇ ಟೀಯ ಹುಳಿ ವಾಸನೆ, ಸಕ್ಕರೆಗೆ ಇರುವೆ ಸಾಲು. ಪಕ್ಕದ ಹೆಂಗಸು ಎದ್ದು ಬೇರೆ ಕಡೆ ಕೂತಳು.

"ಏನಜ್ಜಿ ಇದು, ಮೊಳಕಾಲ್ಮೂರಲ್ಲಿ ಟೀ ಅಂಗಡಿ ಇಡ್ತೀಯಾ?" ಎಂದ ಕಂಡಕ್ಟರ್.

"ಹೂಂ. ನಿನಗೆ ಬಿಟ್ಟಿ ಕೊಡ್ತೀನಿ, ಮುಂದೆ ನೋಡ್ಕಂಡು ಹೋಗು."

ಅವನ ಮನೆ ಹುಡುಕಲು ಕಷ್ಟವಾಗಲಿಲ್ಲ, ಕುಡುಕನ ಮನೆಯನ್ನು ಎಲ್ಲರೂ ತೋರಿಸುತ್ತಾರೆ. ಅವನ ಹೆಂಡತಿ ಮಗ್ಗದಲ್ಲಿ ಕೂತಿದ್ದಳು. ನಾನು ಯಾರು ಎಂದು ಹೇಳಿದ ಮೇಲೂ ಕೈ ನಿಲ್ಲಿಸಲಿಲ್ಲ.

"ನೀವು ಕೊಟ್ಟ ಕಂಬಳಿ ಮಾರಿ ಕುಡಿದ" ಎಂದಳು. "ಬಿಟ್ಟು ಹನ್ನೆರಡು ವರ್ಷ ಆಗಿತ್ತಮ್ಮ. ನಾನು ಅವನ್ನ ಮನೆಗೆ ಸೇರಿಸ್ಕಂಡೆ, ಮಗ್ಗಕ್ಕೆ ಸೇರಿಸ್ಲಿಲ್ಲ. ಆ ನಡುಗೋ ಕೈಯಾಗೆ ಎಳೆ ನಿಲ್ಲಲ್ಲ, ಕಿತ್ತು ಹೋಗ್ತೈತೆ. ಹುಟ್ಟಿದಾಗಿಂದ ನೇಯ್ದ ಕೈ, ಅದಕ್ಕೆ ಮನೇಲಿ ಕೆಲ್ಸ ಇರ್ಲಿಲ್ಲ. ಭಾನುವಾರ ಆ ಲೋಟ ತೊಳ್ಕಂಡು ಬಂದ್ರೆ ವಾರ ಪೂರ್ತಿ ಮನುಷ್ಯ ಆಗಿರ್ತಿದ್ದ. ಅದನ್ನೂ ಬಿಡಿಸಿದ್ರಂತೆ. ಯಾವ ಬುದ್ಧಿವಂತರಮ್ಮ ಅದು?"

"ನಾನೇ" ಎಂದೆ.

ಆಗ ಅವಳ ಕೈ ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಿತ್ತಲಾಗೆ ಬಿದ್ದವ್ನೆ" ಎಂದಳು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದ. ಗಡ್ಡ ಬೆಳೆದಿತ್ತು. ಪಂಚೆಯ ಮೇಲೆ ಏನೇನೋ ಕಲೆ. ನನ್ನ ಸದ್ದು ಗುರುತು ಹಿಡಿದ.

"ನನ್ನ ಮುಖ ನೋಡ್ಬ್ಯಾಡ್ರಿ ಅಕ್ಕಯ್ಯ."

"ನಿನ್ನ ಮುಖ ನೋಡಾಕೆ ಯಾರು ಬಂದವ್ರೆ? ಲೋಟ ತಂದೀನಿ."

ಚೀಲ ಬಿಚ್ಚಿ ಅವನ ಕಾಲ ಹತ್ತಿರ ಸುರಿದೆ. ಲೋಟಗಳು ಉರುಳಿ ಹಿತ್ತಲ ತುಂಬಾ ಹರಡಿದವು. ಅವನು ತಿರುಗಲಿಲ್ಲ. ನಾನು ಬಕೆಟ್ಟಿಗೆ ನೀರು ತುಂಬಿ ಅವನ ಪಕ್ಕ ಇಟ್ಟು, ಸೆರಗನ್ನು ಒರೆಸುವ ಬಟ್ಟೆ ಮಾಡಿಕೊಂಡು ಕುಕ್ಕರುಗಾಲಲ್ಲಿ ಕೂತೆ. ಮಂಡಿ ಸಿಡಿಯುತ್ತಿತ್ತು. ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಒಳಗೆ ಮಗ್ಗದ ಸದ್ದು ಇರಲಿಲ್ಲ, ಅವಳೂ ಕಿವಿ ಕೊಟ್ಟಿದ್ದಳು.

ಆಮೇಲೆ ಅವನ ಕೈ ಒಂದು ಲೋಟಕ್ಕೆ ಬಂತು. ಅಷ್ಟು ನಡುಕ ನಾನು ಯಾವತ್ತೂ ಕಂಡಿರಲಿಲ್ಲ. ಬಕೆಟ್ಟಿನ ಅಂಚಿಗೆ ಲೋಟ ಟಣಟಣ ಬಡಿಯಿತು. ನೀರಿಗೆ ಇಳಿದ ಮೇಲೂ ಕೂಡಲೇ ನಿಲ್ಲಲಿಲ್ಲ. ಮೂರು ಲೋಟ, ನಾಲ್ಕು ಲೋಟ. ನಾನು ಒರೆಸಿ ಒರೆಸಿ ಇಟ್ಟೆ. ಇಬ್ಬರೂ ಲೋಟವನ್ನೇ ನೋಡುತ್ತಿದ್ದೆವು.

"ಹನ್ನೆರಡು ವರ್ಷ ಹೋಯ್ತಲ್ಲ ಅಕ್ಕಯ್ಯ."

"ಹೋಯ್ತು" ಎಂದೆ. ಇಲ್ಲ ಎಂದು ಸಮಾಧಾನ ಹೇಳಲು ನನಗೆ ಬರುವುದಿಲ್ಲ. "ನಾನು ಕಂಬಳಿ ಹೊದಿಸಬಾರದಾಗಿತ್ತು."

"ಕಂಬಳಿ ಏನು ಮಾಡೀತು? ಕುಡಿದೋನು ನಾನು" ಎಂದ. ಒಂದು ಲೋಟವನ್ನು ಬಿಸಿಲಿಗೆ ಹಿಡಿದ. ಹೆಬ್ಬೆರಳಿನಿಂದ ಸವರಿದ. ಮುಖ ಗಂಟು ಹಾಕಿದ. "ಹೋದ್ ಹೋದ್ ವಾರ ಇದನ್ನ ಯಾರು ತೊಳ್ದಿದ್ದು?"

"ಮೇಷ್ಟ್ರ ಪಾಳಿ."

"ಅಂಚು ಹಂಗೇ ಐತೆ. ನಿನ್ನೆ ಟೀ ಕೆಳಗೆ ಹಳೇ ಟೀ ಕೂತೈತೆ. ಥೂ! ಓದಿದೋರು ಮಾಡೋ ಕೆಲ್ಸನಾ ಇದು?"

ಆಗ ನನಗೆ ಧೈರ್ಯ ಬಂತು. ಅವನು ಗೊಣಗಲು ಶುರು ಮಾಡಿದ್ದ. ಒಳಗೆ ಮಗ್ಗವೂ ಶುರುವಾಯಿತು.

ಅವನು ನನ್ನನ್ನು ಬಸ್ಸಿಗೆ ಬಿಡಲು ಬಂದ, ತೊಳೆದ ಲೋಟದ ಚೀಲ ಹೊತ್ತುಕೊಂಡು. ದಾರಿಯಲ್ಲಿ ವೈನ್ ಶಾಪಿನ ಪಕ್ಕ ಬೇಯಿಸಿದ ಮೊಟ್ಟೆ ಮಾರುವ ಮುದುಕ ನಮ್ಮ ಕಂಬಳಿಯನ್ನು ಹಾಸಿಕೊಂಡು ಕೂತಿದ್ದ. ನಾನು ಕಿತ್ತುಕೊಳ್ಳಲು ಹೊರಟೆ. "ಬಿಡ್ರಿ ಅಕ್ಕಯ್ಯ. ಆಯಪ್ಪ ದಿನಾ ಅಲ್ಲೇ ಬರೀ ನೆಲದ ಮೇಲೆ ಕೂರ್ತಿದ್ದ" ಎಂದು ನನ್ನನ್ನು ಆಚೆ ಬದಿಗೆ ದಾಟಿಸಿದ. ಆಚೆ ಬದಿಗೆ ದಾಟಿದ್ದು ನನಗಾಗಿ ಅಲ್ಲ, ಆ ಅಂಗಡಿಯ ಬಾಗಿಲಿಂದ ತಾನು ತಪ್ಪಿಸಿಕೊಳ್ಳಲು.

ಮುಂದಿನ ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಕೋಣೆ ಗುಡಿಸಿದ್ದ. ತನ್ನ ಮಾತಿನ ಸರದಿ ಬಂದಾಗ ಎದ್ದು ನಿಂತು, "ನನಗೆ ಇವತ್ತು ಏಳನೇ ದಿನ" ಎಂದ. ಮೇಷ್ಟ್ರು ತಲೆ ತಗ್ಗಿಸಿದರು. ಪಾಳಿಯ ರಟ್ಟನ್ನು ನಾನು ಗೋಡೆಯಿಂದ ಕಿತ್ತು ಟೀ ಒಲೆಗೆ ಹಾಕಿದೆ. ಅಂದವಾದ ಅಕ್ಷರ, ಚೆನ್ನಾಗಿಯೇ ಉರಿಯಿತು.

ಮತ್ತೆ ಮೂರು ವರ್ಷ ತೊಳೆದ. ಕೊನೆಗೆ ಅವನನ್ನು ತಿಂದದ್ದು ಬೀಡಿ. ಅದನ್ನು ಬಿಡಿಸಲು ನಮ್ಮ ಊರಲ್ಲಿ ಕೂಟವಿಲ್ಲ. ಮಣ್ಣು ಮಾಡುವಾಗ ಯಾರೋ, "ಹದಿನೈದು ವರ್ಷ ಕುಡಿಯದೆ ಬಾಳಿದ ಪುಣ್ಯಾತ್ಮ" ಎಂದರು. "ಮೂರು" ಎಂದೆ. ಎಲ್ಲರೂ ನನ್ನನ್ನು ದುರುಗುಟ್ಟಿ ನೋಡಿದರು. ಅವನ ಹೆಂಡತಿ ಮಾತ್ರ, "ಮೂರೇ. ಅವನೇ ಹಂಗೆ ಎಣಿಸ್ತಿದ್ದ" ಎಂದಳು.

ಅದಾದ ಮೊದಲ ಭಾನುವಾರ ಟೀ ಮುಗಿಯಿತು. ಟಬ್ಬು, ನಾರು, ಬೂದಿ ಅವನಿಟ್ಟ ಜಾಗದಲ್ಲೇ ಇದ್ದವು. ಯಾರೂ ಹತ್ತಿರ ಹೋಗಲಿಲ್ಲ. ಆ ಕೆಲಸ ನನಗೆ ಬೇಕಿತ್ತು, ಸುಳ್ಳು ಹೇಳುವುದಿಲ್ಲ. ನಾನೇ ತೊಳೆಯಬೇಕು ಎಂದು ಬಸ್ಸಿನಿಂದಲೇ ಅಂದುಕೊಂಡು ಬಂದಿದ್ದೆ. ಎದ್ದೆ. ಬಾಗಿಲ ಹತ್ತಿರ ಒಬ್ಬ ಲಾರಿ ಡ್ರೈವರು, ನಲವತ್ತೈದರ ಆಸುಪಾಸು, ಬಿಟ್ಟು ನಾಲ್ಕು ದಿನ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಯಾಕೆ ಹಾಗೆ ಕೂತಿದ್ದಾನೆ ಎಂದು ನನಗೆ ಗೊತ್ತಿತ್ತು.

"ಬಾರಪ್ಪ ಇಲ್ಲಿ. ಲೋಟ ತೊಳಿ. ನಾನು ಒರೆಸ್ತೀನಿ" ಎಂದೆ.

"ನನಗೆ ಬರಲ್ಲ ಅಜ್ಜಿ. ಮನೇಲಿ ಯಾವತ್ತೂ ತೊಳ್ದಿಲ್ಲ."

"ಯಾವ ಗಂಡಸು ತೊಳ್ದವ್ನೆ? ಅಂಚು ಮೊದ್ಲು."

ಕೆಟ್ಟದಾಗಿ ತೊಳೆದ. ಆಮೇಲೆ ಮೇಷ್ಟ್ರು ಎರಡನೇ ಸಲ ಟೀ ಹಾಕಿ ಕೊಟ್ಟಾಗ ಬೂದಿ ಹಲ್ಲಿಗೆ ಸಿಕ್ಕಿತು. ಎಲ್ಲರೂ ಸುಮ್ಮನೆ ಕುಡಿದರು. ಮರ್ಯಾದೆ. ನನಗೆ ಅದು ಬರುವುದಿಲ್ಲ. ಲೋಟವನ್ನು ಅವನ ಕಣ್ಣ ಮುಂದೆ ಹಿಡಿದು, "ಅಂಚು ನೋಡು, ಹಂಗೇ ಐತೆ. ಮುಂದಿನ ವಾರ ಸರಿಯಾಗಿ ತೊಳಿ" ಎಂದೆ.

ಅವನು ಲೋಟ ತಗೊಂಡು ಹೆಬ್ಬೆರಳಿನಿಂದ ಸವರಿ ನೋಡಿದ.

"ಮುಂದಿನ ವಾರ ತೊಳೀತೀನಿ ಬಿಡಜ್ಜಿ" ಎಂದ.